ಗುನ್ಸ್‌ಬಾಕ್ ಸಭೆಯ ಮಗ: ಡಾಕ್ಟರ್ ಆಲ್ಬರ್ಟ್ ಶ್ವೈಟ್ಜರ್

ಮಹಾಪುರುಷರ ಜೀವನಚರಿತ್ರೆಗಳನ್ನು ಓದುವಾಗ ನಮ್ಮ ಕಣ್ಣು ಸಾಮಾನ್ಯವಾಗಿ ಆ ಒಬ್ಬ ವ್ಯಕ್ತಿಯ ಮೇಲೆಯೇ ನೆಟ್ಟಿರುತ್ತದೆ. ತೇರಿನ ತುದಿಯ ಕಲಶಕ್ಕೆ ಕೈಮುಗಿಯುವ ನಾವು ಹಗ್ಗಕ್ಕೆ ಕೈಯಿಟ್ಟವರ ಹೆಸರನ್ನು ವಿಚಾರಿಸುವುದಿಲ್ಲ. ಆದರೆ ಹಗ್ಗ ಹಿಡಿಯುವವರಿಲ್ಲದೆ ತೇರು ಒಂದು ಮಾರು ದೂರವೂ ಕದಲದು. ಆಫ್ರಿಕದ ದಟ್ಟಡವಿಯ ನಡುವೆ ಆಸ್ಪತ್ರೆ ಕಟ್ಟಿ, 1913ರಿಂದ 1965ರಲ್ಲಿ ಕಣ್ಣುಮುಚ್ಚುವ ತನಕ ಅದನ್ನೇ ತಮ್ಮ ಕರ್ಮಭೂಮಿಯಾಗಿ ಮಾಡಿಕೊಂಡ ಡಾಕ್ಟರ್ ಆಲ್ಬರ್ಟ್ ಶ್ವೈಟ್ಜರರ ಹೆಸರು ಲೋಕವಿಖ್ಯಾತವಾದುದು. ಅವರ ಬೆನ್ನಿಗೆ ನಿಂತ ಎರಡು ಇಗರ್ಜಿಗಳ ಕಥೆ ಅಷ್ಟು ಪ್ರಸಿದ್ಧವಲ್ಲ. ಒಂದು ಇಗರ್ಜಿಗೆ ಸೇರಿದ ಜನಸಮುದಾಯವನ್ನು ಕ್ರೈಸ್ತರು ಸಭೆಯೆಂದು ಕರೆಯುತ್ತಾರೆ. ಅಂತಹ ಎರಡು ಸಭೆಗಳ, ಒಂದು ಹಳ್ಳಿಯ ಮತ್ತು ಒಂದು ನಗರದ ಸಭೆಯ, ಕಥೆಯೊಡನೆ ಬೆಸೆದು ಆ ಮಹನೀಯರ ಚರಿತ್ರೆಯನ್ನು ಹೇಳಬೇಕೆಂಬುದು ಇಲ್ಲಿ ನಮ್ಮ ಉದ್ದೇಶ.

ಕಾಸರಗೋಡಿನ ಕನ್ನಡಿಗರ ಸಂಚಿಕೆಯಲ್ಲಿ ಯುರೋಪಿನ ವೈದ್ಯರೊಬ್ಬರ ಚರಿತ್ರೆಗೆ ಏನು ಸ್ಥಾನವೆಂದು ವಾಚಕರು ಕೇಳಬಹುದು. ಅದಕ್ಕೆ ಎರಡು ಕಾರಣಗಳುಂಟು. ಶ್ವೈಟ್ಜರರು ನಮ್ಮಂತೆಯೇ ಗಡಿನಾಡಿನವರು. ಫ್ರಾನ್ಸಿಗೂ ಜರ್ಮನಿಗೂ ನಡುವೆ ರೈನ್ ನದಿಯ ಪಶ್ಚಿಮ ದಂಡೆಗೆ ಹಬ್ಬಿರುವ ಆಲ್ಸೇಸ್ ಪ್ರಾಂತ ಅವರ ಜನ್ಮಭೂಮಿ. ಆ ಪ್ರಾಂತ 1871ರಲ್ಲಿ ಜರ್ಮನಿಯ ಪಾಲಾಯಿತು. 1918ರಲ್ಲಿ ಫ್ರಾನ್ಸಿನ ಕೈಸೇರಿತು. 1940ರಲ್ಲಿ ಮತ್ತೆ ಜರ್ಮನಿಯ ವಶವಾಯಿತು. ಎರಡನೆಯ ಮಹಾಯುದ್ಧದ ಕೊನೆಗೆ ಪುನಃ ಫ್ರಾನ್ಸಿಗೆ ಮರಳಿತು. ಹೊಲ ಗದ್ದೆ ಮನೆಗಳು ಇದ್ದಲ್ಲಿಯೇ ಇರಲು ತಮ್ಮ ಮೇಲಿನ ಆಡಳಿತ ಮಾತ್ರ ಬದಲಾಗುವುದೆಂದರೇನೆಂಬುದು 1956ರ ನವೆಂಬರ್ 1ರ ಅನಂತರ ನಮಗೆ ಯಾರೂ ವಿವರಿಸಿ ಹೇಳಬೇಕಾದುದಿಲ್ಲ.

ಎರಡನೆಯ ಕಾರಣ ಇನ್ನೂ ಹತ್ತಿರದ್ದು. ಆಲ್ಸೇಸಿನ ತೆಂಕಣ ಅಂಚಿಗೆ ತಾಗಿಕೊಂಡೇ ಬಾಸೆಲ್ ನಗರವಿದೆ. ಆ ನಗರದ ಹೆಸರು ಹೊತ್ತ ಮಿಶನ್ನಿನವರು ನಮ್ಮ ಕರಾವಳಿಗೆ ಬಂದು ಶಾಲೆ, ಮುದ್ರಣಾಲಯ, ಹಂಚಿನ ಕಾರ್ಖಾನೆಗಳನ್ನು ನಡೆಯಿಸಿದರು. 1843ರಲ್ಲಿ ಹೊರಟ ಮಂಗಳೂರ ಸಮಾಚಾರವೂ 1894ರಲ್ಲಿ ಹೊರಬಂದ ಕಿಟ್ಟೆಲರ ನಿಘಂಟೂ ಅವರ ದುಡಿಮೆಯ ಫಲಗಳು. ಮೋಗ್ಲಿಂಗ್, ಕಿಟ್ಟೆಲ್ ಮುಂತಾದವರನ್ನು ನಾವು ಕೃತಜ್ಞತೆಯಿಂದ ನೆನೆಯುತ್ತೇವೆ. ಆದರೆ ಅವರನ್ನು ಇಲ್ಲಿಗೆ ಕಳುಹಿಸಿದವರು ದಕ್ಷಿಣ ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನ ಹಳ್ಳಿ ಪಟ್ಟಣಗಳ ಸಭೆಗಳವರು. ಕನ್ನಡದ ಹೆಸರನ್ನೇ ಕೇಳದ ಒಕ್ಕಲಿಗರೂ ಕಸುಬಿನವರೂ ಕೊಟ್ಟ ಚಿಲ್ಲರೆ ಕಾಣಿಕೆ ಅವರ ಪ್ರಯಾಣದ ಖರ್ಚಾಯಿತು. ಆ ಬಗೆಯ ಸಭೆಯೊಂದು ಒಳಗಿನಿಂದ ಹೇಗಿರುತ್ತಿತ್ತೆಂಬುದನ್ನು ಶ್ವೈಟ್ಜರರ ಚರಿತ್ರೆ ಚೆನ್ನಾಗಿ ತೋರಿಸಿಕೊಡುತ್ತದೆ.

ಆಲ್ಬರ್ಟ್ ಶ್ವೈಟ್ಜರರು 1875ರ ಜನವರಿ 14ರಂದು ಆಲ್ಸೇಸಿನ ಕೈಸರ್ಸ್‌ಬರ್ಗ್ ಎಂಬ ಊರಿನಲ್ಲಿ ಜನಿಸಿದರು. ಅದೇ ವರ್ಷ ತಂದೆ ಲೂಯಿ ಶ್ವೈಟ್ಜರರಿಗೆ ಗುನ್ಸ್‌ಬಾಕ್ ಎಂಬ ಹಳ್ಳಿಯ ಸಭಾಪಾಲಕರ ಕೆಲಸ ದೊರೆಯಿತು. ವೋಜ್ ಬೆಟ್ಟಗಳ ನಡುವಣ ಮುನ್‌ಸ್ಟರ್ ಕಣಿವೆಯ ಚಿಕ್ಕ ಊರು ಅದು. ತಾಯಿ ಆಡೆಲೆ ಅದೇ ಕಣಿವೆಯ ಇನ್ನೊಂದು ಹಳ್ಳಿಯ ಸಭಾಪಾಲಕರ ಮಗಳು. ಮನೆಯಲ್ಲಿ ಆಡುವ ಮಾತು ಜರ್ಮನ್ ಜಾತಿಗೆ ಸೇರಿದ ಆಲ್ಸೇಸಿನ ದೇಶಭಾಷೆ. ತಂದೆತಾಯಿಗಳಿಗೆ ಕಾಗದ ಬರೆಯುವುದು ಮನೆತನದ ವಾಡಿಕೆಯಂತೆ ಫ್ರೆಂಚಿನಲ್ಲಿ. ಶಾಲೆಯ ಕಲಿಕೆ ಜರ್ಮನ್ನಿನಲ್ಲಿ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಕಚೇರಿಯಲ್ಲಿ ಮಲೆಯಾಳದಲ್ಲಿ ಅರ್ಜಿ ಕೊಡುವ ನಮಗೆ ಇದೊಂದು ವಿಚಿತ್ರವಾಗಿ ಕಾಣದು.

ಗುನ್ಸ್‌ಬಾಕಿನ ಇಗರ್ಜಿಯಲ್ಲಿ ಒಂದು ವಿಶೇಷವಿತ್ತು. ಪ್ರಾಟೆಸ್ಟಂಟರೂ ಕಥೋಲಿಕರೂ ಒಂದೇ ಕಟ್ಟಡವನ್ನು ಬಳಸುತ್ತಿದ್ದರು. ಹಳೆಯ ಅರಸರ ಕಾಲದ ಕಟ್ಟಳೆಯಿಂದ ಹುಟ್ಟಿದ ಈ ಏರ್ಪಾಡು ಆಲ್ಸೇಸಿನ ಬೇರೆ ಕೆಲವು ಊರುಗಳಲ್ಲಿಯೂ ಇತ್ತು. ಪ್ರಾಟೆಸ್ಟಂಟ್ ಪಂಗಡದ ಬಾಲಕ ಆಲ್ಬರ್ಟ್ ತನ್ನ ಆಸನದಲ್ಲಿ ಕುಳಿತು, ಕಥೋಲಿಕರ ಪೂಜಾಸ್ಥಾನದ ಹೊಂಬಣ್ಣದ ವೇದಿಕೆಯನ್ನೂ ಎತ್ತರದ ಮೇಣದ ದೀಪಗಳನ್ನೂ ಕಣ್ತುಂಬ ನೋಡುತ್ತಿದ್ದ. ಮತ ಬೇರೆಯಾದರೂ ಮಾಡು ಒಂದೇ ಇರಬಹುದೆಂಬ ತಿಳಿವು ಅವನಿಗೆ ಪುಸ್ತಕದಿಂದ ಬಂದುದಲ್ಲ. ಆ ಕಟ್ಟಡವೇ ಕಲಿಸಿತು. ಒಂಬತ್ತನೆಯ ವಯಸ್ಸಿಗೆ ಅದೇ ಇಗರ್ಜಿಯಲ್ಲಿ ಆರ್ಗನ್ ವಾದ್ಯದ ಮುಂದೆ ಕುಳಿತು ಆರಾಧನೆಗೆ ಬಾರಿಸುವಷ್ಟು ಸಂಗೀತ ಅವನ ಕೈಗೆ ಬಂದಿತ್ತು.

ಸಭಾಪಾಲಕರ ಮಗನೆಂದು ಊರ ಹುಡುಗರಿಗಿಂತ ತಾನು ಚೆನ್ನಾಗಿ ಉಂಡು ಉಡುತ್ತೇನೆಂಬುದು ಆ ಬಾಲಕನನ್ನು ಬಹಳ ಕಾಡಿತು. ಒಮ್ಮೆ ಜೊತೆಯ ಹುಡುಗನೊಬ್ಬನೊಡನೆ ಕುಸ್ತಿಯಾಡಿ ಆಲ್ಬರ್ಟ್ ಗೆದ್ದ. ಸೋತವನು, ನಿನ್ನಂತೆ ವಾರಕ್ಕೆರಡು ಸಲ ಮಾಂಸದ ಸಾರು ನನಗೂ ಸಿಕ್ಕಿದ್ದರೆ ನಾನೂ ಗೆಲ್ಲುತ್ತಿದ್ದೆನೆಂಬರ್ಥದ ಮಾತಾಡಿದ. ಅಂದಿನಿಂದ ಆ ಸಾರು ಆಲ್ಬರ್ಟನಿಗೆ ರುಚಿಸದಾಯಿತು. ಊರ ಹುಡುಗರಿಗೆ ಇಲ್ಲದ ಮೇಲಂಗಿಯನ್ನು ತೊಡಲು ಅವನು ಒಪ್ಪಲಿಲ್ಲ. ತಂದೆಯಿಂದ ಪೆಟ್ಟು ತಿಂದರೂ ತೊಡಲಿಲ್ಲ. ಇನ್ನೊಮ್ಮೆ ಗೆಳೆಯನೊಡನೆ ಹಕ್ಕಿ ಹೊಡೆಯಲು ಕವಣೆ ಹಿಡಿದು ನಿಂತಾಗ ಊರ ಇಗರ್ಜಿಯ ಗಂಟೆ ಕೇಳಿಬಂತು. ಕವಣೆಯನ್ನು ಬಿಸುಟು, ಹಕ್ಕಿಗಳನ್ನು ಹಾರಿಸಿಬಿಟ್ಟು ಅವನು ಮನೆಗೆ ಓಡಿದ. ಮುಂದೆ ಲೋಕಕ್ಕೆ ಜೀವಗೌರವದ ತತ್ತ್ವವನ್ನು ಸಾರಿದವರ ಮೊದಲ ಪಾಠ ಇದು.

ನಮ್ಮ ಕಥೆಗೆ ಮುಖ್ಯವಾದುದು ಇನ್ನೊಂದು ಸಂಗತಿ. ಪ್ರತಿ ತಿಂಗಳ ಮೊದಲ ಭಾನುವಾರ ಮಧ್ಯಾಹ್ನದ ಮೇಲೆ ಲೂಯಿ ಶ್ವೈಟ್ಜರರು ಒಂದು ವಿಶೇಷ ಆರಾಧನೆಯನ್ನು ಇಟ್ಟುಕೊಂಡಿದ್ದರು. ದೂರದೇಶಗಳಲ್ಲಿ ದುಡಿಯುವ ಮಿಶನರಿಗಳ ಜೀವನವನ್ನು ಅಂದು ಅವರು ಊರವರಿಗೆ ಹೇಳುತ್ತಿದ್ದರು. ದಕ್ಷಿಣ ಆಫ್ರಿಕದ ಬಸೂತೋ ಜನರ ನಡುವೆ ಇದ್ದ ಕಸಾಲಿಸ್ ಎಂಬವರ ಸ್ಮೃತಿಗಳನ್ನು ಹಲವು ಭಾನುವಾರ ಸಾಲಾಗಿ ಓದಿಹೇಳಿದುದು ಬಾಲಕನ ಮನಸ್ಸಿನಲ್ಲಿ ಅಚ್ಚೊತ್ತಿತು. ಬೆಟ್ಟಗಳ ನಡುವಣ ಹಳ್ಳಿಯ ಜನ ತಿಂಗಳಿಗೊಂದು ಹೊತ್ತು ತಮ್ಮ ಕಣಿವೆಯಾಚೆಗಿನ ನೋವನ್ನು ಕುಳಿತು ಕೇಳುತ್ತಿದ್ದರು. ಹೊರನೋಟಕ್ಕೆ ಇದು ಅಲ್ಪ ಸಂಗತಿ. ಆದರೆ ಮುಂದೆ ನಡೆದುದೆಲ್ಲದರ ಬೀಜ ಇಲ್ಲಿ ಬಿತ್ತು. ಹತ್ತಿರದ ಕೊಲ್ಮಾರ್ ಪಟ್ಟಣದಲ್ಲಿ, ಅಮೆರಿಕದ ಸ್ವಾತಂತ್ರ್ಯದೇವಿಯ ಪ್ರತಿಮೆಯನ್ನು ನಿರ್ಮಿಸಿದ ಬಾರ್ತೋಲ್ದಿಯೇ ಮಾಡಿದ ಸ್ಮಾರಕವೊಂದಿತ್ತು. ಅದರಲ್ಲಿ ವಿಷಣ್ಣವದನನಾಗಿ ಒರಗಿದ ಆಫ್ರಿಕದ ಮನುಷ್ಯನ ಶಿಲ್ಪವನ್ನು ಹುಡುಗ ಕೊಲ್ಮಾರಿಗೆ ಹೋದಾಗಲೆಲ್ಲ ನೋಡಿ ಬರುತ್ತಿದ್ದ.

ಮುಂದೆ ವಿದ್ಯಾಭ್ಯಾಸ ಮ್ಯುಲ್‌ಹೌಸ್‌ನಲ್ಲಿಯೂ 1893ರಿಂದ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿಯೂ ನಡೆಯಿತು. ಪ್ಯಾರಿಸಿನ ಪ್ರಸಿದ್ಧ ಆರ್ಗನ್ ವಾದಕ ವಿಡೋರ್ ಅವರು ಶಿಷ್ಯನನ್ನಾಗಿ ಸ್ವೀಕರಿಸಿದರು. 1896ರ ಪಂಚಾಶತ್ತಮ ಹಬ್ಬದ ರಜೆಯಲ್ಲಿ ಇಪ್ಪತ್ತೊಂದು ವಯಸ್ಸಿನ ಆ ತರುಣ ಗುನ್ಸ್‌ಬಾಕಿನಲ್ಲಿದ್ದಾಗ ಒಂದು ನಿರ್ಧಾರಕ್ಕೆ ಬಂದರು. ತನಗೆ ಸಿಕ್ಕಿದ ಸುಖವನ್ನು ಸ್ವತಸ್ಸಿದ್ಧ ಹಕ್ಕೆಂದು ತಿಳಿಯಬಾರದು, ಅದಕ್ಕೆ ಪ್ರತಿಯಾಗಿ ಏನನ್ನಾದರೂ ಕೊಡಬೇಕು, ಮೂವತ್ತು ವರ್ಷ ತುಂಬುವ ತನಕ ವಿದ್ಯೆಗೂ ಕಲೆಗೂ ಬಾಳುವುದು, ಅನಂತರ ನೇರವಾಗಿ ಮನುಷ್ಯರ ಸೇವೆಗೆ ಇಳಿಯುವುದು, ಇದು ಆ ಸಂಕಲ್ಪ. ಯಾವ ಸೇವೆಯೆಂಬುದು ಆಗ ಅವರಿಗೂ ಗೊತ್ತಿರಲಿಲ್ಲ.

1899ರಲ್ಲಿ ತತ್ತ್ವಶಾಸ್ತ್ರದಲ್ಲಿ ಡಾಕ್ಟರ್ ಪದವಿ ಬಂತು. ಅದೇ ವರ್ಷದ ಕೊನೆಗೆ ಸ್ಟ್ರಾಸ್‌ಬರ್ಗಿನ ಸಂತ ನಿಕೊಲಾಸ್ ಇಗರ್ಜಿಯಲ್ಲಿ ಉಪದೇಶಕರಾಗಿ ನೇಮಕಗೊಂಡರು. ತಿಂಗಳಿಗೆ ನೂರು ಮಾರ್ಕ್ ಸಂಬಳ. ವಯಸ್ಸಾದ ಇಬ್ಬರು ಸಭಾಪಾಲಕರಿಗೆ ನೆರವಾಗಿ ಮಧ್ಯಾಹ್ನದ ಮೇಲಿನ ಆರಾಧನೆ ನಡೆಯಿಸುವುದು, ಹುಡುಗರಿಗೆ ಧರ್ಮಬೋಧೆ ಮಾಡುವುದು ಅವರ ಕೆಲಸ. ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರದ ಅಧ್ಯಾಪಕ, ಬಾಖ್ ಎಂಬ ಸಂಗೀತಗಾರನನ್ನು ಕುರಿತು 1905ರಲ್ಲಿ ಗ್ರಂಥ ಬರೆದ ಪಂಡಿತ, ಯುರೋಪಿನ ನಗರಗಳಲ್ಲಿ ಹೆಸರಾದ ವಾದಕ, ಇಷ್ಟೆಲ್ಲ ಆಗಿದ್ದರೂ ಸಂತ ನಿಕೊಲಾಸಿನ ಸಾಮಾನ್ಯ ಜನರೊಡನೆ ಅವರು ಬೆಳೆಯಿಸಿಕೊಂಡ ನಂಟು ಹನ್ನೆರಡು ವರ್ಷಗಳಷ್ಟು ಗಟ್ಟಿಯಾದುದು. ಮುಂದೆ ಕೈಹಿಡಿದುದು ಆ ನಂಟೇ.

1904ರ ಶರತ್ಕಾಲದಲ್ಲಿ ಪ್ಯಾರಿಸ್ ಮಿಶನ್ ಸೊಸೈಟಿಯ ಮಾಸಪತ್ರಿಕೆಯೊಂದು ಅವರ ಮೇಜಿನ ಮೇಲೆ ಬಿದ್ದಿತ್ತು. ಫ್ರೆಂಚ್ ಆಫ್ರಿಕದ ಗಬೋನ್ ಪ್ರದೇಶದಲ್ಲಿ ಕೆಲಸಗಾರರ ಕೊರತೆಯಿರುವುದನ್ನು ಆ ಸೊಸೈಟಿಯ ಮುಖ್ಯಸ್ಥ ಆಲ್ಫ್ರೆಡ್ ಬೊಗ್ನರ್ ಎಂಬವರು ಅದರಲ್ಲಿ ಬರೆದಿದ್ದರು. ಅವರೂ ಆಲ್ಸೇಸಿನವರೇ. ಓದಿ ಮುಗಿಸಿದೊಡನೆ ಶ್ವೈಟ್ಜರರ ಹುಡುಕಾಟ ಮುಗಿಯಿತು. ಆಡಿ ಬರೆದು ದಣಿದಿದ್ದ ಅವರಿಗೆ ಇನ್ನು ಮಾತಿಲ್ಲದೆ ಕೈಯಿಂದ ಮಾಡುವ ಕೆಲಸ ಬೇಕಿತ್ತು. ಆದುದರಿಂದ ವೈದ್ಯರಾಗಿ ಹೋಗಬೇಕೆಂದು ನಿಶ್ಚಯಿಸಿದರು. 1905ರ ಅಕ್ಟೋಬರ್ 13ರಂದು ಬಂಧುಮಿತ್ರರಿಗೆ ಈ ವಿಷಯ ತಿಳಿಸುವ ಕಾಗದಗಳನ್ನು ಪ್ಯಾರಿಸಿನ ಟಪ್ಪಾಲು ಪೆಟ್ಟಿಗೆಗೆ ಹಾಕಿದರು. ಹಲವರು ಮುನಿದರು, ಕೆಲವರಿಗೆ ಇದು ಹುಚ್ಚೆಂದು ತೋರಿತು. ಮೂವತ್ತರ ಪ್ರಾಯದಲ್ಲಿ ಅಧ್ಯಾಪಕರು ವಿದ್ಯಾರ್ಥಿಯಾಗಿ ವೈದ್ಯಶಾಲೆಯ ಬೆಂಚಿನಲ್ಲಿ ಕುಳಿತರು. ಏಳು ವರ್ಷಗಳ ಕಾಲ ಹಗಲು ವೈದ್ಯಶಾಸ್ತ್ರದ ಓದು, ಭಾನುವಾರ ಸಂತ ನಿಕೊಲಾಸಿನಲ್ಲಿ ಉಪದೇಶ, ನಡುನಡುವೆ ಸಂಗೀತ ಕಚೇರಿ. ಪರೀಕ್ಷೆಯ ಶುಲ್ಕವನ್ನು ಮ್ಯೂನಿಕ್ಕಿನ ಸಂಗೀತೋತ್ಸವದಲ್ಲಿ ಆರ್ಗನ್ ಬಾರಿಸಿ ಸಂಪಾದಿಸಿದರು. 1912ರಲ್ಲಿ ಹೆಲೆನೆ ಬ್ರೆಸ್‌ಲೌ ಎಂಬ ವಿದುಷಿಯನ್ನು ವರಿಸಿದರು. ಆಕೆ ಪತಿಯ ಕೆಲಸಕ್ಕೆ ನೆರವಾಗಲೆಂದೇ ದಾದಿಯರ ಶಿಕ್ಷಣ ಪಡೆದರು.

ಇನ್ನು ಹಣದ ಮಾತು. ಮಿಶನ್ನಿನ ಹಿರಿಯರಲ್ಲಿ ಕೆಲವರಿಗೆ ಶ್ವೈಟ್ಜರರ ಧಾರ್ಮಿಕ ವಿಚಾರಗಳು ಒಪ್ಪಿಗೆಯಾಗಿರಲಿಲ್ಲ. ತಾನು ಉಪದೇಶಕ್ಕೆ ಬಾಯಿ ತೆರೆಯದೆ ಔಷಧ ಕೊಡುವುದಕ್ಕಷ್ಟೇ ಇರುತ್ತೇನೆ, ಖರ್ಚನ್ನೂ ತಾನೇ ಹೊರುತ್ತೇನೆ ಎಂದು ಅವರು ಮಾತು ಕೊಡಬೇಕಾಯಿತು. ಆದುದರಿಂದ ಮನೆ ಮನೆಯ ಮೆಟ್ಟಲು ಹತ್ತಿ ಕೇಳುವ ಕಷ್ಟ ಅವರ ಪಾಲಿಗೆ ಬಂತು. ಕೆಲವೆಡೆ ಆದರ, ಕೆಲವೆಡೆ ಬಾಗಿಲಲ್ಲೇ ನಿಲ್ಲಿಸಿ ಕಳುಹಿಸಿದುದೂ ಉಂಟು. ಜರ್ಮನ್ ಸಾಮ್ರಾಜ್ಯದ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಫ್ರೆಂಚ್ ವಸಾಹತಿನ ಆಸ್ಪತ್ರೆಗಾಗಿ ಧಾರಾಳವಾಗಿ ಕೊಟ್ಟರು. ಮೊತ್ತದ ದೊಡ್ಡ ಪಾಲು ಸಂತ ನಿಕೊಲಾಸ್ ಸಭೆಯವರಿಂದ ಬಂತು. ಆಲ್ಸೇಸಿನ ಇತರ ಸಭೆಗಳೂ, ಮುಖ್ಯವಾಗಿ ಅವರ ಹಳೆಯ ಶಿಷ್ಯರು ಸಭಾಪಾಲಕರಾಗಿದ್ದ ಊರುಗಳು, ಕೈಗೂಡಿಸಿದವು. ಪ್ಯಾರಿಸಿನ ಬಾಖ್ ಸಂಗೀತ ಸಂಘ ಸಹಾಯಾರ್ಥ ಕಚೇರಿ ನಡೆಯಿಸಿತು. ಲ ಹಾವ್ರ್ ಬಂದರಿನಲ್ಲಿಯೂ ಒಂದು ಕಚೇರಿ ನಡೆಯಿತು. ಔಷಧ, ಬಟ್ಟೆ, ಉಪಕರಣಗಳು ಎಪ್ಪತ್ತು ಪೆಟ್ಟಿಗೆಗಳಾದವು. ಯುದ್ಧದ ಮೋಡ ಕವಿಯುತ್ತಿರುವುದನ್ನು ಕಂಡ ಅವರು ಎರಡು ಸಾವಿರ ಮಾರ್ಕುಗಳನ್ನು ಚಿನ್ನದ ನಾಣ್ಯವಾಗಿಯೇ ಜೊತೆಯಲ್ಲಿ ತೆಗೆದುಕೊಂಡರು. ಗಡಿನಾಡಿನವನಿಗೆ ಮಾತ್ರ ಹೊಳೆಯಬಹುದಾದ ಮುಂಜಾಗ್ರತೆ ಇದೆಂದು ನಮಗೆ ತೋರುತ್ತದೆ.

1913ರ ಶುಭಶುಕ್ರವಾರ, ಮಾರ್ಚ್ 21ರ ಮಧ್ಯಾಹ್ನ, ದಂಪತಿಗಳು ಗುನ್ಸ್‌ಬಾಕಿನಿಂದ ಹೊರಟರು. ಏಪ್ರಿಲ್ 16ರಂದು ಒಗೊವೇ ನದಿಯ ದಂಡೆಯ ಲಂಬರೆನೆ ತಲಪಿದರು. ಭೂಮಧ್ಯರೇಖೆಗೆ ತೀರ ಸಮೀಪದ ಆ ಮಿಶನ್ ಠಾಣ್ಯದಲ್ಲಿ ವೈದ್ಯರು ಬರುವರೆಂಬ ಸುದ್ದಿ ಮೊದಲೇ ಹಬ್ಬಿದ್ದುದರಿಂದ, ಪೆಟ್ಟಿಗೆ ಬಿಚ್ಚುವ ಮೊದಲೇ ರೋಗಿಗಳು ದೋಣಿಗಳಲ್ಲಿ ಬಂದಿಳಿದರು. ಹಳೆಯ ಕೋಳಿಗೂಡೊಂದನ್ನು ಸುಣ್ಣ ಬಳಿದು ವೈದ್ಯಶಾಲೆಯಾಗಿ ಮಾಡಿಕೊಂಡರು. ಮಲೇರಿಯಾ, ಕುಷ್ಠ, ನಿದ್ರಾರೋಗ, ಆಮಶಂಕೆ, ಹರ್ನಿಯಾ, ಕೊಳೆತ ಹುಣ್ಣು, ಇವು ಅಲ್ಲಿನ ನಿತ್ಯದ ಕಾಯಿಲೆಗಳು. ಮೊದಲ ಒಂಬತ್ತು ತಿಂಗಳಲ್ಲಿಯೇ ಸುಮಾರು ಎರಡು ಸಾವಿರ ರೋಗಿಗಳನ್ನು ನೋಡಿದರು. ಹಿಂದೆ ಅಡಿಗೆಯವನಾಗಿದ್ದ ಜೋಸೆಫ್ ಅಜೊವಾನಿ ಎಂಬ ಆಫ್ರಿಕದವನು ದುಭಾಷಿಯೂ ಸಹಾಯಕನೂ ಆಗಿ ನಿಂತನು. ಆತನಿಲ್ಲದೆ ಆಸ್ಪತ್ರೆ ನಡೆಯುತ್ತಿರಲಿಲ್ಲ.

ಗುಣವಾದವರಿಗೆ ಶ್ವೈಟ್ಜರರು ಒಂದು ಮಾತನ್ನು ತಿಳಿಯಹೇಳುತ್ತಿದ್ದರು. ಈ ಔಷಧ ಎಲ್ಲಿಂದಲೋ ತಾನಾಗಿ ಬಂದುದಲ್ಲ, ಯುರೋಪಿನ ಜನ ತಮ್ಮ ಗಳಿಕೆಯಲ್ಲಿ ಉಳಿಸಿ ಕೊಟ್ಟುದು, ಆದುದರಿಂದ ಮುಂದಿನ ರೋಗಿಗಾಗಿ ನೀವೂ ಕೈಲಾದುದನ್ನು ಕೊಡಬೇಕು ಎಂಬುದು ಅದರ ಸಾರ. ಹಾಗೆ ಬಾಳೆಗೊನೆ, ಕೋಳಿ, ಮೊಟ್ಟೆ, ಕೆಲವೊಮ್ಮೆ ಚಿಲ್ಲರೆ ಹಣವೂ ಬಂದವು. ಸಂತ ನಿಕೊಲಾಸಿನ ಕಾಣಿಕೆಯ ತಟ್ಟೆಯಿಂದ ಹೊರಟ ಸಾಲು ಒಗೊವೇ ತೀರದ ಬಾಳೆಗೊನೆಯ ತನಕ ಮುಂದುವರಿಯಿತು. ಉಪದೇಶ ಮಾಡಬಾರದೆಂಬ ಷರತ್ತನ್ನೂ ಅಲ್ಲಿದ್ದ ಮಿಶನರಿಗಳೇ ಬೇಗನೆ ಸಡಿಲಿಸಿದರು.

1914ರ ಆಗಸ್ಟಿನಲ್ಲಿ ಯುದ್ಧ ಹೊತ್ತಿಕೊಂಡಿತು. ಗಡಿಯಲ್ಲಿ ಹುಟ್ಟಿದ ಫಲ ಈಗ ಕೈಗೆ ಬಂತು. ಶ್ವೈಟ್ಜರರು ಕಾಗದಪತ್ರಗಳ ಪ್ರಕಾರ ಜರ್ಮನ್ ಪ್ರಜೆ. ನಿಂತ ನೆಲ ಫ್ರೆಂಚರದ್ದು. ಆಗಸ್ಟ್ 5ರಂದು ದಂಪತಿಗಳನ್ನು ಅವರ ಮನೆಯಲ್ಲಿಯೇ ಸೆರೆಯಿಟ್ಟು ಕಾವಲು ಹಾಕಲಾಯಿತು. ರೋಗಿಗಳನ್ನು ನೋಡುವುದೂ ಕೆಲಕಾಲ ನಿಂತಿತು. ಪ್ಯಾರಿಸಿನಲ್ಲಿ ಗುರು ವಿಡೋರ್ ಮುಂತಾದವರ ಪ್ರಯತ್ನದಿಂದ ನವೆಂಬರ್ ಕೊನೆಗೆ ಬಿಡುಗಡೆಯಾಯಿತು. ಅದೇ ಯುದ್ಧಕಾಲದಲ್ಲಿ ನಮ್ಮ ಕರಾವಳಿಯಲ್ಲಿಯೂ ಬಾಸೆಲ್ ಮಿಶನ್ನಿನ ಜರ್ಮನ್ ಪ್ರಜೆಗಳು ಬಂಧನಕ್ಕೊಳಗಾಗಿ, ಬಳಿಕ ಸ್ವದೇಶಕ್ಕೆ ಸಾಗಿಸಲ್ಪಟ್ಟರು. ಅವರ ಹಂಚಿನ ಕಾರ್ಖಾನೆಗಳು ಸರಕಾರದ ವಶವಾಗಿ, ಮುಂದೆ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ರಾಜಕೀಯದ ಗೆರೆ ಸೇವೆಯ ಕೈಯನ್ನೂ ಕಡಿಯಬಲ್ಲದೆಂಬುದಕ್ಕೆ ಇವೆರಡೂ ಸಾಕ್ಷಿ.

ಆಲ್ಸೇಸಿನಿಂದ ಬರುತ್ತಿದ್ದ ನೆರವು ನಿಂತಿತು. ಔಷಧಕ್ಕಾಗಿ ಪ್ಯಾರಿಸ್ ಮಿಶನ್ನಿನಿಂದಲೂ ಮಿತ್ರರಿಂದಲೂ ಸಾಲ ಮಾಡಬೇಕಾಯಿತು. ಈ ದುರ್ದಿನಗಳಲ್ಲಿಯೇ, 1915ರ ಸೆಪ್ಟೆಂಬರಿನಲ್ಲಿ, ರೋಗಿಯೊಬ್ಬರನ್ನು ನೋಡಲು ನದಿಯಲ್ಲಿ ಪಯಣಿಸುತ್ತಿದ್ದಾಗ, ಸೂರ್ಯಾಸ್ತಮಯದ ಹೊತ್ತಿಗೆ ನೀರಾನೆಗಳ ಹಿಂಡಿನ ನಡುವೆ ದೋಣಿ ಸಾಗುತ್ತಿರಲು, ಜೀವಕ್ಕೆ ಗೌರವವೇ ಸಕಲ ಧರ್ಮದ ಬುಡವೆಂಬ ವಿಚಾರ ಅವರಿಗೆ ಹೊಳೆಯಿತು. 1916ರಲ್ಲಿ ಊರಿನ ರಸ್ತೆಯಲ್ಲಿ ಸೈನ್ಯದ ಕುದುರೆಗಳಿಗೆ ಸಿಲುಕಿ ತಾಯಿ ತೀರಿಕೊಂಡರು. ಮಗನಿಗೆ ಕೊನೆಯ ದರ್ಶನ ದೊರೆಯಲಿಲ್ಲ. 1917ರಲ್ಲಿ ದಂಪತಿಗಳನ್ನು ಯುರೋಪಿಗೆ ಸಾಗಿಸಿ ಫ್ರಾನ್ಸಿನ ಶಿಬಿರಗಳಲ್ಲಿ ಇರಿಸಿದರು. 1918ರ ಜುಲೈಯಲ್ಲಿ ಕೈದಿಗಳ ವಿನಿಮಯದಿಂದ ಬಿಡುಗಡೆ ಹೊಂದಿ, ರೋಗದಿಂದ ಜರ್ಝರಿತರಾಗಿ, ರಣರಂಗದ ಹಿಂದೆಯೇ ಇದ್ದ ಗುನ್ಸ್‌ಬಾಕಿಗೆ ಮರಳಿದರು.

ಯುದ್ಧ ಮುಗಿದು ಆಲ್ಸೇಸ್ ಫ್ರಾನ್ಸಿಗೆ ಸೇರಿತು; ಶ್ವೈಟ್ಜರರು ಫ್ರೆಂಚ್ ಪ್ರಜೆಯಾದರು. ಕೈಯಲ್ಲಿ ಸಾಲ, ಮೈಯಲ್ಲಿ ರೋಗ, ಆಫ್ರಿಕದಲ್ಲಿ ಪಾಳುಬೀಳುತ್ತಿದ್ದ ಆಸ್ಪತ್ರೆ. ಆಗ ಆಶ್ರಯವಿತ್ತುದು ಮತ್ತೆ ಸಂತ ನಿಕೊಲಾಸ್ ಸಭೆಯೇ. ಅಲ್ಲಿ ಉಪದೇಶಕರ ಕೆಲಸವೂ ವಾಸಕ್ಕೆ ಮನೆಯೂ ದೊರೆತವು. ನಗರದ ಆಸ್ಪತ್ರೆಯಲ್ಲಿ ವೈದ್ಯರ ಕೆಲಸವೂ ಸಿಕ್ಕಿತು. ನದಿಯಾಚೆ ಜರ್ಮನಿಯಲ್ಲಿ ಹಸಿವು. ಶ್ವೈಟ್ಜರರು ಬೆನ್ನಿಗೆ ಆಹಾರದ ಚೀಲ ಕಟ್ಟಿಕೊಂಡು ರೈನ್ ಸೇತುವೆಯನ್ನು ದಾಟಿ ಕೆಹ್ಲ್ ಎಂಬ ಊರಿಗೆ ಹೋಗಿ, ಅಲ್ಲಿಂದ ಜರ್ಮನಿಯ ವೃದ್ಧಮಿತ್ರರಿಗೆ ಅದನ್ನು ಕಳುಹಿಸುತ್ತಿದ್ದರು. ಸುಂಕದ ಕಟ್ಟೆಯವರಿಗೆ ಆ ಚೀಲದ ಪರಿಚಯವೇ ಆಗಿಬಿಟ್ಟಿತ್ತು. ಒಂದು ಸೇತುವೆಯ ಎರಡು ತುದಿಗಳು ಬೇರೆ ಬೇರೆ ದೇಶಗಳೆಂದು ಭೂಪಟ ಹೇಳುತ್ತಿತ್ತು. ಹಸಿದವನ ಹೊಟ್ಟೆ ಹಾಗೆ ಹೇಳುತ್ತಿರಲಿಲ್ಲ.

1919ರ ಕೊನೆಗೆ ಸ್ವೀಡನ್ನಿನಿಂದ ಒಂದು ಆಮಂತ್ರಣ ಬಂತು. ಉಪ್ಸಾಲದ ಮಹಾಧರ್ಮಾಧ್ಯಕ್ಷ ನಾಥನ್ ಸೊಡರ್‌ಬ್ಲೊಮರು ಉಪನ್ಯಾಸಗಳಿಗಾಗಿ ಕರೆದಿದ್ದರು. 1920ರಲ್ಲಿ ಅಲ್ಲಿಗೆ ಹೋದ ಶ್ವೈಟ್ಜರರು ತಮ್ಮ ಸಾಲದ ಚಿಂತೆಯನ್ನು ಅವರಲ್ಲಿ ತೋಡಿಕೊಂಡರು. ಊರೂರಿಗೆ ಹೋಗಿ ಆಫ್ರಿಕದ ವಿಷಯ ಹೇಳಬೇಕು, ಆರ್ಗನ್ ಬಾರಿಸಬೇಕು ಎಂದು ಆ ಹಿರಿಯರು ದಾರಿ ತೋರಿದರು. ಕೆಲವೇ ವಾರಗಳಲ್ಲಿ ಸಾಲದ ಬಹುಭಾಗ ತೀರುವಷ್ಟು ಹಣ ಕೂಡಿತು. ಯುದ್ಧದಲ್ಲಿ ಯಾವ ಪಕ್ಷಕ್ಕೂ ಸೇರದ ನಾಡಿನ ಜನ, ಎರಡೂ ಪಕ್ಷಗಳ ನಡುವೆ ಸಿಲುಕಿದವರ ಭಾರವನ್ನು ಇಳಿಸಿದರು. 1921ರಲ್ಲಿ ಲಂಬರೆನೆಯ ಅನುಭವಗಳ ಪುಸ್ತಕ ಹೊರಬಂದು ಅನೇಕ ಭಾಷೆಗಳಿಗೆ ಹೋಯಿತು. ಶ್ರೀಮಂತನ ಬಾಗಿಲಲ್ಲಿ ಬಿದ್ದಿದ್ದ ಲಾಜರನೆಂಬ ದರಿದ್ರನ ಕಥೆ ಬೈಬಲಿನಲ್ಲಿದೆ. ಆಫ್ರಿಕವೇ ಆ ಲಾಜರ, ಯುರೋಪೇ ಆ ಶ್ರೀಮಂತ, ಬಿಳಿಯರು ಅಲ್ಲಿ ಮಾಡುವ ಸೇವೆ ಉಪಕಾರವಲ್ಲ, ಮಾಡಿದ ಅನ್ಯಾಯಕ್ಕೆ ಪ್ರಾಯಶ್ಚಿತ್ತ ಎಂಬುದು ಆ ಪುಸ್ತಕದ ತಿರುಳು.

1921ರಲ್ಲಿ ನಗರದ ಕೆಲಸಗಳನ್ನು ಬಿಟ್ಟು, ಗುನ್ಸ್‌ಬಾಕಿನಲ್ಲಿ ವೃದ್ಧ ತಂದೆಗೆ ಸಹಾಯಕ ಉಪದೇಶಕರಾಗಿ ನಿಂತರು. 1924ರ ಏಪ್ರಿಲಿನಲ್ಲಿ ಮರಳಿ ಲಂಬರೆನೆ ತಲಪಿದಾಗ ಆಸ್ಪತ್ರೆಯ ಮಾಡು ಕುಸಿದು, ದಾರಿ ಕಾಡಾಗಿತ್ತು. ಬೆಳಗ್ಗೆ ವೈದ್ಯ, ಮಧ್ಯಾಹ್ನದ ಮೇಲೆ ಮೇಸ್ತ್ರಿ, ಹೀಗೆ ದುಡಿದರು. ಆಲ್ಸೇಸಿನಿಂದಲೇ ಡಾಕ್ಟರ್ ವಿಕ್ಟರ್ ನೆಸ್‌ಮನ್, ದಾದಿ ಮಟಿಲ್ಡೆ ಕೊಟ್‌ಮನ್, ಶಿಕ್ಷಕಿ ಎಮ್ಮಾ ಹೌಸ್‌ಕ್ನೆಕ್ಟ್ ನೆರವಿಗೆ ಬಂದರು. 1925ರಲ್ಲಿ ಕ್ಷಾಮವೂ ಆಮಶಂಕೆಯೂ ಒಟ್ಟಿಗೆ ಬಂದವು. ಅದೇ ವರ್ಷ ಗುನ್ಸ್‌ಬಾಕಿನಲ್ಲಿ ತಂದೆ ತೀರಿಕೊಂಡರು. ಹಳೆಯ ಸ್ಥಳ ಸಾಲದೆಂದು ನದಿಯ ಮೇಲ್ಗಡೆ ಸುಮಾರು ಮೂರು ಕಿಲೋಮೀಟರು ದೂರದಲ್ಲಿ ಹೊಸ ಆಸ್ಪತ್ರೆಯನ್ನು ಕಟ್ಟಿ 1927ರಲ್ಲಿ ರೋಗಿಗಳನ್ನು ಅಲ್ಲಿಗೆ ಸಾಗಿಸಿದರು. ರೋಗಿಯೊಡನೆ ಮನೆಯವರೂ ಬಂದು, ಅಲ್ಲಿಯೇ ಅಡಿಗೆ ಮಾಡಿಕೊಂಡಿರುವ ಹಳ್ಳಿಯಂತೆ ಅದು ಬೆಳೆಯಿತು.

1928ರಲ್ಲಿ ಫ್ರಾಂಕ್‌ಫರ್ಟ್ ನಗರ ಗಯಟೆ ಪಾರಿತೋಷಕವನ್ನಿತ್ತಿತು. ಆ ಹಣದಿಂದ ಗುನ್ಸ್‌ಬಾಕಿನಲ್ಲಿ ಒಂದು ಮನೆ ಎದ್ದಿತು. ಅದು ಲಂಬರೆನೆಯ ಸೇವಕರಿಗೆ ವಿಶ್ರಾಂತಿಯ ತಾಣವೂ ಆಸ್ಪತ್ರೆಯ ಯುರೋಪ್ ಕಚೇರಿಯೂ ಆಯಿತು. ಸಭಾಪಾಲಕರೊಬ್ಬರ ವಿಧವೆಯಾದ ಎಮ್ಮಿ ಮಾರ್ಟಿನ್ ಎಂಬ ಮಹಿಳೆ ದಶಕಗಳ ಕಾಲ ಪತ್ರವ್ಯವಹಾರವನ್ನೂ ಲೆಕ್ಕವನ್ನೂ ಸಾಮಾನುಗಳ ರವಾನೆಯನ್ನೂ ನೋಡಿಕೊಂಡರು. ಶ್ವೈಟ್ಜರರು ರಜೆಗೆ ಬಂದಾಗ ಇಗರ್ಜಿಯಲ್ಲಿ ಉಪದೇಶ ಮಾಡಿ, ತಾವೇ ಆರ್ಗನ್ ಬಾರಿಸುತ್ತಿದ್ದರು. ಈ ಸೇವೆಯ ಬೆಲೆಯನ್ನು ಮನೆಯವರೂ ತೆತ್ತರೆಂಬುದನ್ನು ಮರೆಯಬಾರದು. ಆರೋಗ್ಯ ಕೆಟ್ಟ ಹೆಲೆನೆ, 1919ರಲ್ಲಿ ಹುಟ್ಟಿದ ಮಗಳೊಡನೆ, ಬಹುಕಾಲ ಪತಿಯಿಂದ ದೂರವೇ ಇರಬೇಕಾಯಿತು.

ಎರಡನೆಯ ಮಹಾಯುದ್ಧದಲ್ಲಿ ಆಲ್ಸೇಸ್ ಮತ್ತೆ ಜರ್ಮನರ ಕೈಗೆ ಹೋಗಿ ಊರಿನ ಸಂಪರ್ಕ ಕಡಿಯಿತು. ಅಮೆರಿಕ ಮುಂತಾದ ದೇಶಗಳ ಮಿತ್ರರು ಔಷಧ ಕಳುಹಿಸಿ ಆಸ್ಪತ್ರೆಯನ್ನು ಉಳಿಸಿದರು. ಮೊದಲ ಸಹಾಯಕ ನೆಸ್‌ಮನ್ನರು ಫ್ರಾನ್ಸಿನಲ್ಲಿ ನಾಜಿಗಳನ್ನು ಪ್ರತಿಭಟಿಸಿ 1944ರಲ್ಲಿ ಅವರ ಸೆರೆಯಲ್ಲಿ ಪ್ರಾಣತೆತ್ತರು. 1952ನೆಯ ಸಾಲಿನ ನೊಬೆಲ್ ಶಾಂತಿ ಪಾರಿತೋಷಕ ಶ್ವೈಟ್ಜರರಿಗೆ ಸಂದಿತು. ಆ ಹಣ ಕುಷ್ಠರೋಗಿಗಳ ಹಳ್ಳಿಯನ್ನು ಕಟ್ಟಲು ಹೋಯಿತು. 1957ರಲ್ಲಿ ಆಸ್ಲೋ ರೇಡಿಯೋ ಮೂಲಕ ಅಣುಬಾಂಬಿನ ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಲೋಕಕ್ಕೆ ಮನವಿ ಮಾಡಿದರು.

ಭಾರತದೊಡನೆಯೂ ಅವರಿಗೆ ವೈಚಾರಿಕ ನಂಟಿತ್ತು. 1935ರಲ್ಲಿ ಭಾರತೀಯ ಚಿಂತನೆಯನ್ನು ಕುರಿತು ಗ್ರಂಥ ಬರೆದು, ಕನ್ನಡ ನಾಡಿಗೆ ಚಿರಪರಿಚಿತವಾದ ಜೈನರ ಅಹಿಂಸಾತತ್ತ್ವವನ್ನು ಮನುಷ್ಯಕುಲದ ಮಹತ್ತಾದ ಸಾಧನೆಯೆಂದು ಕೊಂಡಾಡಿದರು. ಹಿಂದೂ ಚಿಂತನೆ ಲೋಕವನ್ನು ನಿರಾಕರಿಸುವುದೆಂಬ ಅವರ ಅಭಿಪ್ರಾಯವನ್ನು ಡಾಕ್ಟರ್ ರಾಧಾಕೃಷ್ಣನ್ನರು 1939ರ ತಮ್ಮ ಗ್ರಂಥದಲ್ಲಿ ಖಂಡಿಸಿದರು. ದೊಡ್ಡವರ ಎಲ್ಲ ಮಾತನ್ನೂ ತಲೆಬಾಗಿ ಒಪ್ಪಬೇಕೆಂದಿಲ್ಲ.

ಅವರ ಆಸ್ಪತ್ರೆಯ ಮೇಲೂ ಆಕ್ಷೇಪಗಳು ಬಂದವು. ಅವನ್ನು ಮುಚ್ಚಿಡುವುದು ಜೀವನಚರಿತ್ರೆಯ ಧರ್ಮವಲ್ಲ. ಆಫ್ರಿಕದವರನ್ನು ಅವರು ತಮ್ಮನಂತೆ ಕಂಡರು, ತಮ್ಮನ್ನು ಅಣ್ಣನ ಸ್ಥಾನದಲ್ಲಿ ಇಟ್ಟುಕೊಂಡರು. 1960ರಲ್ಲಿ ಗಬೋನ್ ಸ್ವತಂತ್ರವಾಯಿತು. ಸಮಾನತೆಯನ್ನು ಬಯಸುವ ಹೊಸ ತಲೆಮಾರಿಗೆ ಆ ಅಣ್ಣತನ ಭಾರವೆನಿಸಿತು. ಆಸ್ಪತ್ರೆ ಹಳೆಯ ಪದ್ಧತಿಯಲ್ಲಿಯೇ ಉಳಿಯಿತು, ಆಫ್ರಿಕದ ವೈದ್ಯರನ್ನು ಅವರು ತಯಾರುಮಾಡಲಿಲ್ಲ ಎಂಬ ಮಾತೂ ಇದೆ. ಪ್ರಾಯಶ್ಚಿತ್ತವೆಂದು ಹೊರಟವರಲ್ಲಿಯೂ ಯಜಮಾನಿಕೆಯ ಎಳೆ ಉಳಿಯಬಹುದೆಂಬುದನ್ನು ಸೇವೆಗೆ ಹೊರಡುವ ಯಾರೇ ಆದರೂ ಗಮನಿಸತಕ್ಕದ್ದು. ಆದರೆ ಆ ದಂಡೆಯಲ್ಲಿ ನೋವಿನಿಂದ ಮಲಗಿದ್ದವನಿಗೆ ಔಷಧ ದೊರೆತುದೂ ಅಷ್ಟೇ ನಿಜ. 1965ರ ಸೆಪ್ಟೆಂಬರ್ 4ರಂದು ತೊಂಬತ್ತನೆಯ ವಯಸ್ಸಿನಲ್ಲಿ ಶ್ವೈಟ್ಜರರು ಲಂಬರೆನೆಯಲ್ಲಿಯೇ ದೇಹಬಿಟ್ಟರು. 1957ರಲ್ಲಿ ತೀರಿಕೊಂಡ ಪತ್ನಿಯ ಅಸ್ಥಿಯನ್ನಿರಿಸಿದ ಎಡೆಯ ಪಕ್ಕದಲ್ಲಿ ಅವರ ಸಮಾಧಿಯಾಯಿತು. ಅವರ ಹೆಸರಿನ ಆಸ್ಪತ್ರೆ ಇಂದಿಗೂ ಅಲ್ಲಿ ನಡೆಯುತ್ತಿದೆ. ಮಲೇರಿಯಾ ಸಂಶೋಧನೆಗೂ ಹೆಸರಾಗಿದೆ. ಗುನ್ಸ್‌ಬಾಕಿನ ಮನೆ ಸಂಗ್ರಹಾಲಯವಾಗಿದೆ.

ಈ ಚರಿತ್ರೆಯಿಂದ ನಾವು ಗ್ರಹಿಸತಕ್ಕುದು ಏನು? ಗಡಿಯಲ್ಲಿ ಬಾಳುವವರಿಗೆ ತಮ್ಮ ಭಾಷೆ, ತಮ್ಮ ಶಾಲೆ, ತಮ್ಮ ಹಕ್ಕುಗಳ ಚಿಂತೆ ಸಹಜ. ಅದು ಅಗತ್ಯವೂ ಹೌದು. ನಮ್ಮ ಸಂಘ ಹುಟ್ಟಿರುವುದೇ ಅದಕ್ಕಾಗಿ. ಆದರೆ ಆ ಚಿಂತೆಯೊಂದರಲ್ಲಿಯೇ ಮುಳುಗಿದರೆ ಮನಸ್ಸು ಗಡಿಯ ಬೇಲಿಯಷ್ಟೇ ಅಗಲವಾಗಿ ಉಳಿದೀತು. ಗುನ್ಸ್‌ಬಾಕಿನವರಿಗೂ ಆಡಳಿತದ ಬದಲಾವಣೆ, ಭಾಷೆಯ ತೊಡಕು, ಯುದ್ಧದ ಹಾನಿ ಯಾವುದೂ ತಪ್ಪಿರಲಿಲ್ಲ. ಆದರೂ ತಿಂಗಳಿಗೊಂದು ಭಾನುವಾರ ಅವರು ತಮ್ಮ ಕಷ್ಟವನ್ನು ಬದಿಗಿಟ್ಟು ಬೇರೊಬ್ಬರ ಕಷ್ಟವನ್ನು ಕೇಳಿದರು. ತಟ್ಟೆ ಬಂದಾಗ ಕೈಲಾದುದನ್ನು ಹಾಕಿದರು. ಅವರಲ್ಲಿ ಬಹುಮಂದಿ ಆಫ್ರಿಕವನ್ನು ಕಂಡವರಲ್ಲ.

ಅಂತಹ ಕಾಣದ ಕೈಗಳ ಋಣ ನಮ್ಮ ನುಡಿಯ ಮೇಲೆಯೂ ಇದೆಯೆಂಬುದನ್ನು ಮೊದಲೇ ಹೇಳಿದ್ದೇವೆ. ಕನ್ನಡದ ಮೊದಲ ಪತ್ರಿಕೆಗೂ ಹಿರಿಯ ನಿಘಂಟಿಗೂ ಬೆನ್ನಾಸರೆಯಾದವರು ಕನ್ನಡಿಗರಲ್ಲ, ಕನ್ನಡ ಬಲ್ಲವರೂ ಅಲ್ಲ. ಆ ಋಣವನ್ನು ಅವರಿಗೇ ಹಿಂತಿರುಗಿಸುವುದು ಈಗ ಸಾಧ್ಯವಿಲ್ಲ. ಮುಂದಕ್ಕೆ ದಾಟಿಸುವುದು ಸಾಧ್ಯ. ಸಂಘದ ವಾರ್ಷಿಕೋತ್ಸವದ ಈ ಸಂದರ್ಭದಲ್ಲಿ, ನಮ್ಮ ನಿಧಿಯ ಒಂದು ಸಣ್ಣ ಪಾಲನ್ನು ನಮ್ಮ ಭಾಷೆಯವರಲ್ಲದ, ನಮ್ಮ ಊರಿನವರಲ್ಲದ ಯಾವನಾದರೊಬ್ಬ ರೋಗಿಗಾಗಿ, ಯಾವಳಾದರೊಬ್ಬ ವಿದ್ಯಾರ್ಥಿನಿಗಾಗಿ ವರ್ಷ ವರ್ಷವೂ ತೆಗೆದಿಡುವುದನ್ನು ಸದಸ್ಯರು ಆಲೋಚಿಸಬೇಕೆಂದು ನಾವು ವಿನಯಪೂರ್ವಕ ಸೂಚಿಸುತ್ತೇವೆ. ಮೊತ್ತ ದೊಡ್ಡದಿರಬೇಕಾಗಿಲ್ಲ. ತಪ್ಪದೆ ನಡೆದರೆ ಸಾಕು.